ವಿನೋದದ ಚಿತ್ರಗಳೂ ಆರೋಗ್ಯದ ಪಾಠವೂ
(ಪುಣೆಯ ಸ್ವಾರಗೇಟದಲ್ಲಿ ನೀಡಿದ ಉಪನ್ಯಾಸ)



ಕೊರೋನಾ ಕಾಲದಲ್ಲಿ ಜನರನ್ನು ರಂಜಿಸುತ್ತಲೇ ಆರೋಗ್ಯದ ನಡವಳಿಕೆ ಕಲಿಸಲು ಹೊರಟ ವಿಡಿಯೋಗಳನ್ನು ಕುರಿತು ನಾನು ಮಾತನಾಡಬೇಕಾಗಿದೆ. ಇದು ಹಗುರವಾದ ವಿಷಯವೆಂದು ಕೆಲವರಿಗೆ ತೋರಬಹುದು. ಪುಣೆಯಲ್ಲಿ ಕುಳಿತವರು ಹಾಗೆನ್ನಲಾಗದು. 1897ರಲ್ಲಿ ಪ್ಲೇಗು ಬಂದಾಗ ಇದೇ ಊರಿನ ಮನೆಗಳಿಗೆ ಸೈನಿಕರನ್ನು ನುಗ್ಗಿಸಿ ರೋಗಿಗಳನ್ನು ಹುಡುಕಿಸಲಾಯಿತು. ದೇವರಮನೆಯನ್ನೂ ಬಿಡಲಿಲ್ಲವೆಂದು ಜನ ಕುದಿದರು, ರೋಗಿಗಳನ್ನು ಬಚ್ಚಿಟ್ಟರು. ಜೂನ್ 22ರ ರಾತ್ರಿ ಪ್ಲೇಗು ಸಮಿತಿಯ ಅಧ್ಯಕ್ಷ ರ‍್ಯಾಂಡನ ಮೇಲೆ ಚಾಪೇಕರ ಸಹೋದರರು ಗುಂಡು ಹಾರಿಸಿದರು. ರೋಗಿಗಳನ್ನು ಬೇರ್ಪಡಿಸಬೇಕೆಂಬ ವೈದ್ಯರ ಮಾತು ಸರಿಯಾಗಿಯೇ ಇತ್ತು; ಅದು ಬಂದೂಕಿನ ಬಾಯಿಂದ ಬಂದಿತ್ತು.

2020ರಲ್ಲಿ ದನಿ ಬದಲಾಯಿತು. ಫೆಬ್ರವರಿಯಲ್ಲಿ ವಿಯೆಟ್ನಾಮಿನ ಸರ್ಕಾರಿ ಆರೋಗ್ಯ ಸಂಸ್ಥೆಯೊಂದು ಜನಪ್ರಿಯ ಹಾಡೊಂದರ ಧಾಟಿಗೆ ಕೈತೊಳೆಯುವ ಪದಗಳನ್ನು ಹೊಂದಿಸಿತು. ಕ್ವಾಂಗ್ ಡಾಂಗ್ ಎಂಬ ನರ್ತಕ ಅದಕ್ಕೊಂದು ಕುಣಿತ ಕಟ್ಟಿದ. ಮಾರ್ಚಿನಲ್ಲಿ ಕೇರಳದ ಪೊಲೀಸರು ಮುಖಗವಸು ತೊಟ್ಟು ಕುಣಿದರು. ಬೆರಳ ಸಂದು, ಹೆಬ್ಬೆರಳು, ಅಂಗೈ ಹಿಂಬದಿ ಎಂದು ಭಿತ್ತಿಪತ್ರದಲ್ಲಿ ಓದಿದರೆ ಮರೆತೇ ಹೋಗುವ ಕ್ರಮವು ಕುಣಿತದಲ್ಲಿ ಮೈಗೆ ಹತ್ತುತ್ತದೆ. ಮನರಂಜನೆ ಇಲ್ಲಿ ಔಷಧಕ್ಕೆ ಸವರಿದ ಬೆಲ್ಲವಲ್ಲ, ಅದೇ ಪಾಠ.

ಏಪ್ರಿಲಿನಲ್ಲಿ 'ಫ್ಯಾಮಿಲಿ' ಎಂಬ ಕಿರುಚಿತ್ರ ಬಂತು. ಅಮಿತಾಭ್ ಬಚ್ಚನ್ನರ ಕಪ್ಪು ಕನ್ನಡಕ ಕಳೆದಿದೆ. ಹುಡುಕುವವರಲ್ಲಿ ರಜನೀಕಾಂತ್, ಮೋಹನ್‌ಲಾಲ್, ನಮ್ಮ ಶಿವರಾಜಕುಮಾರ್, ಪುಣೆಯ ಸೋನಾಲಿ ಕುಲಕರ್ಣಿ ಎಲ್ಲರೂ ಇದ್ದಾರೆ. ಪ್ರತಿಯೊಬ್ಬರೂ ತಂತಮ್ಮ ನುಡಿಯಲ್ಲೇ ಆಡುತ್ತಾರೆ, ಯಾರಿಗೂ ಅರ್ಥವಾಗದಿರುವುದಿಲ್ಲ. (ನಮ್ಮ ವಠಾರಗಳ ಮಾತುಕತೆಯೂ ಹೀಗೆಯೇ ಅಲ್ಲವೇ!) ಕೊನೆಗೆ ತಿಳಿಯುತ್ತದೆ: ಒಬ್ಬರೂ ಮನೆಯ ಹೊರಗೆ ಕಾಲಿಟ್ಟಿಲ್ಲ, ನೀವೂ ಇಡಬೇಡಿ. ಚಿತ್ರರಂಗದ ದಿನಗೂಲಿಯವರಿಗೆ ನೆರವು ಕೂಡಿಸುವ ಕಾರ್ಯವೂ ಇದರೊಂದಿಗಿತ್ತೆಂಬುದನ್ನು ನಾನು ವಿಶೇಷವಾಗಿ ಮೆಚ್ಚುತ್ತೇನೆ. ಮನೆಯಲ್ಲಿರಿ ಎಂದವರು ಉಣ್ಣುವುದೇನನ್ನು ಎಂದೂ ಕೇಳಿಕೊಂಡಿದ್ದರು.

ಎಲ್ಲ ವಿಡಿಯೋಗಳಿಗೂ ಈ ವಿವೇಕ ಇರಲಿಲ್ಲ. ಕಲಬುರಗಿ, ಯಾದಗಿರಿ, ವಿಜಯಪುರಗಳಿಂದ ಬಸ್ಸಿನಲ್ಲಿ ಬಂದು ಇದೇ ಸ್ವಾರಗೇಟದಲ್ಲಿ ಇಳಿಯುವ ಕಟ್ಟಡ ಕಾರ್ಮಿಕರನ್ನು ನೆನೆಯಿರಿ. ಆ ಮಾರ್ಚಿನಲ್ಲಿ ಬಸ್ಸೂ ನಿಂತಿತು, ಕೂಲಿಯೂ ನಿಂತಿತು. ತಗಡಿನ ಶೆಡ್ಡಿನಲ್ಲಿ ಆರು ಜನ ಮಲಗುವವರಿಗೆ 'ದೂರವಿರಿ' ಎಂದೂ, ಒಂದು ಕೊಡ ನೀರಿಗೆ ಸರದಿ ನಿಲ್ಲುವವಳಿಗೆ ಇಪ್ಪತ್ತು ಸೆಕೆಂಡು ಕೈತೊಳೆಯೆಂದೂ ಹಾಡಿದರೆ, ಹಾಡು ಎಷ್ಟು ಇಂಪಾಗಿದ್ದರೇನು? ಇನ್ನೊಂದು ಬಗೆಯ ವಿಡಿಯೋಗಳನ್ನೂ ನಾವು ಕಂಡೆವು: ಲಾಕ್‌ಡೌನ್ ಮುರಿದವರಿಗೆ ನಡುಬೀದಿಯಲ್ಲಿ ಬಸ್ಕಿ ಹೊಡೆಸುವಂಥವು. ಜನ ಅವನ್ನೂ ನಕ್ಕು ಹಂಚಿಕೊಂಡರು. ಅದನ್ನು ನಾನು ವಿನೋದವೆನ್ನಲಾರೆ. 1897ರ ದನಿಯೇ ಮೊಬೈಲಿನಲ್ಲಿ ಕೇಳಿಬಂದಿತು.

ನಮ್ಮ ಸಂಘದ ಮುಂದೆ ಒಂದು ಸೂಚನೆಯನ್ನಿಡುತ್ತೇನೆ. ಮುಂದೆ ಇಂಥ ಕಾಲ ಬಂದರೆ ಈ ಕಾರ್ಮಿಕರಿಗೆ ಮರಾಠಿ ಪ್ರಕಟಣೆಯನ್ನಾಗಲಿ, ನಮ್ಮ ಗ್ರಾಂಥಿಕ ಕನ್ನಡವನ್ನಾಗಲಿ ಕೊಡುವುದು ಬೇಡ. ಅವರಾಡುವ ಕನ್ನಡದಲ್ಲೇ, ದಪ್ಪು ತುಂತುಣಿಗಳೊಡನೆ, ಗೀಗೀ ಪದದ ವಿಡಿಯೋ ಆಗಲಿ. ಸ್ವಾತಂತ್ರ್ಯ ಚಳವಳಿಯ ಸುದ್ದಿಯನ್ನು ಹಳ್ಳಿಗೆ ಮುಟ್ಟಿಸಿದ ಕಲೆಯದು. ಹಾಡಬಲ್ಲವರು ಆ ಶೆಡ್ಡುಗಳಲ್ಲಿಯೇ ಸಿಗಬಹುದು. ಆದರೆ ಅದಕ್ಕೂ ಮೊದಲು ನಾಲ್ಕು ಜನ ಅಲ್ಲಿಗೆ ಹೋಗಿ, ನಲ್ಲಿ ಎಲ್ಲಿದೆ, ನೀರು ಎಷ್ಟು ಹೊತ್ತು ಬರುತ್ತದೆ ಎಂದು ಕೇಳಿಕೊಂಡು ಬರೋಣ. ಪದವನ್ನು ಆಮೇಲೆ ಕಟ್ಟೋಣ.