ನಾನು ಇನ್ನೂ ಹಾಕದ ಒಂದು ವೋಟು

ಅತ್ತಿಗುಪ್ಪೆಯ ನಮ್ಮ ಮನೆ ಟೆರೇಸ್ ರೂಮಿಂದ ಮಾತಾಡ್ತಿದ್ದೀನಿ. ಮಧ್ಯೆ ಮೆಟ್ರೋ ಸದ್ದು ಕೇಳಿಸಿದ್ರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.

ಮೊನ್ನೆ ಮಳೆಗೆ ನಮ್ಮ ಕ್ರಾಸ್‌ನ ಚರಂಡಿ ಉಕ್ಕಿ ನೀರು ಗೇಟ್ ತನಕ ಬಂತು. "ಯಾರಿಗಾದ್ರೂ ಹೇಳ್ರೋ" ಅಂದ್ರು ಅಮ್ಮ. ಅಪ್ಪ ಫೋನ್ ತೆಗೆದು, 'ಕಾರ್ಪೊರೇಟರ್ ಆಫೀಸ್' ಅಂತ ಸೇವ್ ಮಾಡಿದ್ದ ನಂಬರ್ ತನಕ ಹೋಗಿ ಸುಮ್ಮನಾದ್ರು. ಯಾಕಂದ್ರೆ ಬೆಂಗಳೂರಿಗೆ ಈಗ ಕಾರ್ಪೊರೇಟರ್‌ಗಳೇ ಇಲ್ಲ.

ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್ 22ರಂದು. ಆಗ ನನಗೆ 17. ಆಮೇಲೆ ಎರಡು ವಿಧಾನಸಭೆ, ಎರಡು ಲೋಕಸಭೆಗೆ ವೋಟ್ ಹಾಕಿದ್ದೀನಿ. ನನ್ನ ರಸ್ತೆಗೆ ಸಂಬಂಧಪಟ್ಟ ವೋಟು ಮಾತ್ರ ಇನ್ನೂ ಹಾಕಿಲ್ಲ. ನೀವು ನನ್ನ ವಯಸ್ಸಿನವರಾಗಿದ್ರೆ ನಿಮ್ಮ ಕಥೆನೂ ಇದೇ.

198 ಕಾರ್ಪೊರೇಟರ್‌ಗಳ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್ 10ಕ್ಕೆ. 2025ರ ಸೆಪ್ಟೆಂಬರ್‌ಗೇ ಐದು ವರ್ಷ ಆಯ್ತು. ಅಂದ್ರೆ ಒಂದು ಕೌನ್ಸಿಲ್‌ನ ಪೂರ್ತಿ ಅವಧಿಯೇ ನಾಪತ್ತೆ. ಸಂವಿಧಾನದ 243ಯು ವಿಧಿ ಏನೋ ಸ್ಪಷ್ಟವಾಗಿದೆ: ಐದು ವರ್ಷ ಮುಗಿಯೋ ಮೊದಲೇ ಚುನಾವಣೆ ಮುಗಿಸಿರಬೇಕು.

ಹಾಗಾದ್ರೆ ತಡ ಆಗಿದ್ದು ಹೇಗೆ? 2020ರ ಡಿಸೆಂಬರ್‌ನಲ್ಲಿ ಹೈಕೋರ್ಟ್ 198 ವಾರ್ಡ್‌ಗಳಿಗೇ ಚುನಾವಣೆ ನಡೆಸಿ ಅಂತು. ಅದೇ ತಿಂಗಳು ಸುಪ್ರೀಂ ಕೋರ್ಟ್‌ನಲ್ಲಿ ತಡೆ ಬಂತು. ಅಷ್ಟರಲ್ಲಿ ಹೊಸ ಕಾಯ್ದೆ ಬಂದು ವಾರ್ಡ್ 243 ಅಂತಾಯ್ತು. ಮೀಸಲಾತಿ ಪಟ್ಟಿ ಕೋರ್ಟ್ ಮೆಟ್ಟಿಲೇರಿತು. ಸರ್ಕಾರ ಬದಲಾಯ್ತು, ವಾರ್ಡ್ 225 ಆಯ್ತು. ಆಮೇಲೆ ಗ್ರೇಟರ್ ಬೆಂಗಳೂರು ಕಾಯ್ದೆ: 2025ರ ಸೆಪ್ಟೆಂಬರ್ 2ರಿಂದ ಐದು ಪಾಲಿಕೆ, ಮತ್ತೆ ಹೊಸದಾಗಿ ವಾರ್ಡ್ ವಿಂಗಡಣೆ. ಇದು ಒಂದೇ ಪಕ್ಷದ ಕಥೆ ಅಲ್ಲ. ಇದು ಮೊದಲ ಸಲವೂ ಅಲ್ಲ. 2006ರ ಕೊನೆಗೆ ಅವಧಿ ಮುಗಿದಾಗ ಮುಂದಿನ ಚುನಾವಣೆ ಆಗಿದ್ದು 2010ರ ಮಾರ್ಚ್‌ನಲ್ಲಿ.

ನಾನು ಬಿಕಾಂ ಓದಿದವನು, ಲೆಕ್ಕದಲ್ಲೇ ಹೇಳ್ತೀನಿ. 2025-26ರ ಬಿಬಿಎಂಪಿ ಬಜೆಟ್ 19,900 ಕೋಟಿ ದಾಟಿತ್ತು. ಮಂಡಿಸಿದ್ದು ಅಧಿಕಾರಿಗಳು. "ನಮ್ಮ ವಾರ್ಡಿಗೆ ಯಾಕೆ ಇಷ್ಟೇ?" ಅಂತ ಎದ್ದು ಕೇಳೋಕೆ ಜನ ಆರಿಸಿದ ಒಬ್ಬ ಸದಸ್ಯನೂ ಇರಲಿಲ್ಲ. ಷೇರುದಾರರ ಸಭೆಯನ್ನೇ ಕರೆಯದೆ ಕಂಪನಿ ನಡೆಸಿದ ಹಾಗೆ. ಆದ್ರೆ ತೆರಿಗೆ ಮಾತ್ರ ನಾವು ಟೈಮಿಗೆ ಕಟ್ಟಬೇಕು.

"ಎಂಎಲ್‌ಎ ಇದ್ದಾರಲ್ಲ?" ಅಂತೀರಿ. ಬೆಂಗಳೂರಿನ ವಿಧಾನಸಭಾ ಕ್ಷೇತ್ರಗಳು 28. ಏಳು ಕಾರ್ಪೊರೇಟರ್‌ಗಳ ಕೆಲಸ ಒಬ್ಬ ಶಾಸಕರ ತಲೆ ಮೇಲೆ. ಇನ್ನೊಂದು ನಷ್ಟ ಯಾರೂ ಲೆಕ್ಕ ಹಾಕಲ್ಲ: ಆ 198 ಜನರಲ್ಲಿ ಸುಮಾರು ಅರ್ಧದಷ್ಟು ಮಹಿಳೆಯರಿದ್ರು. ಅಷ್ಟು ಹೆಂಗಸರು ಕೂತಿದ್ದ ಜಾಗಗಳೂ ಖಾಲಿ ಆದವು.

"ಕಾರ್ಪೊರೇಟರ್‌ಗಳು ದುಡ್ಡು ಹೊಡೀತಾರೆ, ಅಧಿಕಾರಿಗಳೇ ವಾಸಿ" ಅನ್ನೋ ಮಾತು ನಮ್ಮ ಟೀ ಅಂಗಡಿಯಲ್ಲೂ ಕೇಳಿದ್ದೀನಿ. ಪೂರ್ತಿ ಸುಳ್ಳು ಅಂತ ನಾನು ಹೇಳಲ್ಲ. ಆದ್ರೆ ಕೆಟ್ಟ ಕಾರ್ಪೊರೇಟರ್‌ನ ಐದು ವರ್ಷಕ್ಕೊಮ್ಮೆ ನಾವು ಮನೆಗೆ ಕಳಿಸಬಹುದು. ಅಧಿಕಾರಿ ವರ್ಗ ಆಗ್ತಾರೆ, ಅದೂ ನಮ್ಮನ್ನು ಕೇಳಿ ಅಲ್ಲ. ಚುನಾವಣೆ ತಡ ಆದಷ್ಟೂ ನಮ್ಮ ಕೈಯಲ್ಲಿರೋ ಆ ಒಂದೇ ಅಸ್ತ್ರಕ್ಕೆ ತುಕ್ಕು ಹಿಡಿಯುತ್ತೆ. ನನಗೆ ಅದಕ್ಕಿಂತ ದೊಡ್ಡ ಭಯ ಇನ್ನೊಂದಿದೆ. ಇಲ್ಲದಿರೋದೇ ನಮಗೆ ಅಭ್ಯಾಸ ಆಗಿಬಿಟ್ರೆ?

ಅದಕ್ಕೇ ಒಂದು ಕೆಲಸ ಮಾಡಿ. ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಇದೆಯಾ ನೋಡಿ. ಹೊಸ ವಾರ್ಡ್ ವಿಂಗಡಣೆಯಲ್ಲಿ ನಿಮ್ಮ ಬೀದಿ ಎಲ್ಲಿ ಸೇರಿದೆ ಅಂತ ಹುಡುಕಿ. ಮನೆಗೆ ವೋಟ್ ಕೇಳೋಕೆ ಬಂದವರನ್ನ "ನಮ್ಮ ಪಾಲಿಕೆ ಚುನಾವಣೆ ಯಾವಾಗ?" ಅಂತ ಕೇಳಿ.

ಅಪ್ಪ ಆ ನಂಬರ್ ಇನ್ನೂ ಡಿಲೀಟ್ ಮಾಡಿಲ್ಲ. ಹೆಸರು ಬದಲಾಯಿಸೋ ದಿನ ಬೇಗ ಬರಲಿ. ಮುಂದಿನ ವಾರ ಸಿಗೋಣ.