ರಾಕೆಟ್ ಹಾರಲಿಲ್ಲ, ಪ್ರೈಸ್ ಮಾತ್ರ ಬಂತು

 

ಹೋದ ತಿಂಗಳು ಒಬ್ಬ ಹೈಸ್ಕೂಲ್ ಹುಡುಗ ಮೆಸೇಜ್ ಹಾಕಿದ್ದ. "ಅಣ್ಣಾ, ಯಾವಾಗ್ಲೂ ಇಎಂಐ, ಎಸ್‌ಐಪಿ ಅಂತಾನೇ ಮಾತಾಡ್ತೀಯ. ನಮ್ ಪ್ರಾಜೆಕ್ಟಿಗೆ ವಾಟರ್ ರಾಕೆಟ್ ಮಾಡ್ಬೇಕು, ಹೇಳ್ಕೊಡ್ತೀಯಾ?" ನೋಡಿ, ನಾನು ಓದಿದ್ದು ಬಿ.ಕಾಂ. ಆದ್ರೆ ವಾಟರ್ ರಾಕೆಟ್ ಬಗ್ಗೆ ಮಾತ್ರ ನಂಗೆ ಗೊತ್ತು. ಅದರ ಲೆಕ್ಕದಲ್ಲಿ ನಂದೊಂದು ಹಳೇ ಬಾಕಿನೂ ಇದೆ.

2011. ನಾನು ಒಂಬತ್ತನೇ ಕ್ಲಾಸು. ಹೊಸನಗರ ತಾಲ್ಲೂಕಿನ ಒಂದು ಸಣ್ಣ ಊರು ನಮ್ದು. ನನ್ನ ಪಕ್ಕ ಕೂರ್ತಿದ್ದ ಗೆಳೆಯನ ಅಪ್ಪಂದು ಸೈಕಲ್ ಶಾಪ್. ಹೆಸರು ಹೇಳಲ್ಲ, ಯಾಕೆ ಅಂತ ಆಮೇಲೆ ಹೇಳ್ತೀನಿ. ವಿಜ್ಞಾನ ವಸ್ತುಪ್ರದರ್ಶನಕ್ಕೆ ಏನಾದ್ರೂ ಮಾಡಿ ಅಂದಾಗ ನೀರಿನ ರಾಕೆಟ್ ಮಾಡೋಣ ಅಂದಿದ್ದು ನಾನು. ಮಾಡಿದ್ದು ಅವನು.

ಸಾಮಾನು ಜಾಸ್ತಿ ಏನಿಲ್ಲ. 2 ಲೀಟರಿನ ಕೂಲ್‌ಡ್ರಿಂಕ್ಸ್ ಬಾಟಲಿ, ಅದರ ಬಾಯಿಗೆ ಬಿಗಿಯಾಗಿ ಕೂರೋ ರಬ್ಬರ್ ಬಿರಡೆ, ಹಳೇ ಸೈಕಲ್ ಟ್ಯೂಬಿಂದ ಕಿತ್ತ ವಾಲ್ವ್, ಮತ್ತೆ ಸೈಕಲ್ ಪಂಪು. ಬಿರಡೆಗೆ ತೂತು ಕೊರೆದು, ಗಾಳಿ ಒಂಚೂರೂ ಸೋರದ ಹಾಗೆ ವಾಲ್ವ್ ಕೂರಿಸೋದು ಇದೆಯಲ್ಲ, ಅದೇ ಇಡೀ ರಾಕೆಟ್ಟಿನ ಕಷ್ಟದ ಕೆಲಸ. ಅವನು ಎರಡು ಸಂಜೆ ಅದಕ್ಕೇ ಕೂತಿದ್ದ. ನಾನು ಪಕ್ಕದಲ್ಲಿ ಕಡ್ಲೇಕಾಯಿ ತಿಂತಿದ್ದೆ.

ಮೊದಲ ಸಲ ಬಾಟಲಿ ತುಂಬಾ ನೀರು ಹಾಕಿದ್ವಿ. ಜಾಸ್ತಿ ನೀರು, ಜಾಸ್ತಿ ಎತ್ತರ ಅಂತ ನನ್ನ ಲೆಕ್ಕ. ಮೂರು ಇಟ್ಟಿಗೆ ಮಧ್ಯೆ ತಲೆಕೆಳಗಾಗಿ ನಿಲ್ಲಿಸಿ ಪಂಪ್ ಹೊಡೆದ್ರೆ ಒಂದು ಮೊಳ ಎದ್ದು ಬಿತ್ತು. ಇಬ್ರಿಗೂ ಸ್ನಾನ ಆಯ್ತು. ಎರಡನೇ ಸಲ ನೀರೇ ಇಲ್ಲ. 'ಪಟ್' ಅಂತು, ಒಂದಾಳೆತ್ತರ ಹೋಯ್ತು, ಅಷ್ಟೇ. ಮೂರನೇ ಸಲ ಮೂರರಲ್ಲಿ ಒಂದು ಪಾಲು ನೀರು. ಬಿರಡೆ ಕಿತ್ತುಕೊಂಡಿದ್ದೇ ಗೊತ್ತಾಗ್ಲಿಲ್ಲ, 'ಬುಸ್ಸ್' ಅಂತ ಶಾಲೆ ಹೆಂಚಿನ ಮೇಲಿಂದ ಹಾರಿ ಅಡಿಕೆ ತೋಟಕ್ಕೆ ಬಿತ್ತು.

ಯಾಕೆ ಹಾಗೆ? ನೀರು ರಾಕೆಟ್ಟಿನ ಪೆಟ್ರೋಲ್ ಅಲ್ಲ. ಶಕ್ತಿ ಇರೋದು ಒತ್ತಿ ತುಂಬಿದ ಗಾಳಿಯಲ್ಲಿ, ಅದುಮಿಟ್ಟ ಸ್ಪ್ರಿಂಗ್ ಥರ. ಬಾಟಲಿ ತುಂಬಾ ನೀರಿದ್ರೆ ಆ ಗಾಳಿಗೆ ಜಾಗನೇ ಇರಲ್ಲ, ಮೇಲಿಂದ ಎರಡು ಕೆಜಿ ಭಾರ ಬೇರೆ. ಬರೀ ಗಾಳಿ ಇದ್ರೆ ಅದು ಹೊರಗೆ ತಳ್ಳೋಕೆ ತೂಕ ಇರೋ ವಸ್ತು ಏನೂ ಇಲ್ಲ. ನೀರು ಮಾಮೂಲಿ ಗಾಳಿಗಿಂತ ಸುಮಾರು 800 ಪಟ್ಟು ಭಾರ. ಆ ಭಾರವನ್ನ ಕೆಳಗೆ ಜೋರಾಗಿ ಎಸೆದ್ರೆ ಬಾಟಲಿ ಅಷ್ಟೇ ಜೋರಾಗಿ ಮೇಲೆ. ನ್ಯೂಟನ್ನಿನ ಮೂರನೇ ನಿಯಮ. ನಾನದನ್ನ ಬಾಯಿಪಾಠ ಮಾಡಿದ್ದೆ. ಅರ್ಥ ಆಗಿದ್ದು ಒದ್ದೆ ಚಡ್ಡಿಯಲ್ಲಿ ನಿಂತಾಗ.

ಅವತ್ತಿಂದ ಒಂದು ನೋಟ್‌ಬುಕ್ಕಲ್ಲಿ ಜಮಾ ಖರ್ಚಿನ ಥರ ಬರೆಯೋಕೆ ಶುರು ಮಾಡಿದೆ. ಎಷ್ಟು ನೀರು, ಎಷ್ಟು ಪಂಪು, ಎಲ್ಲಿ ಬಿತ್ತು. ಕಾಮರ್ಸ್ ಬುದ್ಧಿ ಆಗ್ಲೇ ಇತ್ತು ಅನ್ಸುತ್ತೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡ್ಬೇಕು ಅಂತ ಹೇಳಿದ್ದು ಅವನು. ನೀರೂ ಬದಲಾಯಿಸಿ ರೆಕ್ಕೆನೂ ಬದಲಾಯಿಸಿದ್ರೆ ಯಾವುದರಿಂದ ಏನಾಯ್ತು ಅಂತ ಗೊತ್ತಾಗಲ್ಲ ಅಲ್ವಾ? ಪಂಕ್ಚರ್ ಹುಡುಕೋದೂ ಹಾಗೇ ಅಂತೆ. ನಮ್ಮ ಬಾಟಲಿಗೆ 600 ಎಂಎಲ್ ಆಸುಪಾಸು ಸರಿಹೋಯ್ತು.

ರೆಕ್ಕೆ ಇಲ್ಲದೆ ಅದು ಗಾಳೀಲಿ ಲಾಗ ಹಾಕ್ತಿತ್ತು. ಹಳೇ ಪ್ಲಾಸ್ಟಿಕ್ ಫೈಲ್ ಕತ್ತರಿಸಿ ಬಾಯಿ ಹತ್ರ ಮೂರು ರೆಕ್ಕೆ, ತಲೆ ಮೇಲೆ ಒಂದು ಮುಷ್ಟಿ ಜೇಡಿಮಣ್ಣು. ತೂಕ ಮುಂದಿರಬೇಕು, ಗಾಳಿ ಹಿಡಿಯೋ ರೆಕ್ಕೆ ಹಿಂದಿರಬೇಕು. ಸರಿ ಇದೆಯಾ ನೋಡೋಕೆ ತೂಕ ಸಮ ಆಗೋ ಜಾಗಕ್ಕೆ ದಾರ ಕಟ್ಟಿ ತಲೆ ಸುತ್ತ ಬೀಸಿ. ಮೂತಿ ಮುಂದೆ ಮಾಡ್ಕೊಂಡು ಸುತ್ತಿದ್ರೆ ಪಾಸ್.

ಈಗ ಸ್ವಲ್ಪ ಗಮನ ಕೊಡಿ. ರೆಕ್ಕೆನ ಟೇಪಲ್ಲಿ ಅಂಟಿಸಿದ್ರೆ ಕಿತ್ತು ಬರ್ತಿತ್ತು. ಒಡೆದ ಬಕೆಟ್ಟಿಗೆ ಕಾದ ಕಬ್ಬಿಣ ಇಟ್ಟು ಬೆಸುಗೆ ಹಾಕ್ತಾರಲ್ಲ, ಹಾಗೆ ಮಾಡೋಣ ಅಂದೆ. ಅವನು ಬೇಡ ಅಂದ. ನಾನು ಕೇಳ್ಲಿಲ್ಲ. ಅವತ್ತು ಬಿರಡೆನೂ ಬಿಗಿಯಾಗಿ ಸಿಕ್ಕಿಕೊಂಡಿತ್ತು, ನಾನು ಹಠಕ್ಕೆ ಬಿದ್ದು ಪಂಪ್ ಹೊಡೀತಾನೇ ಇದ್ದೆ. ಅವನು ನನ್ನ ಕಾಲರ್ ಹಿಡಿದು ಹಿಂದೆ ಎಳೆದ. ಬಾಟಲಿ ಬೆಸುಗೆ ಹಾಕಿದ ಜಾಗದಲ್ಲೇ ಸಿಡೀತು. ಒಂದು ಇಟ್ಟಿಗೆ ಉರುಳಿ ನಾನು ಕೂತಿದ್ದ ಜಾಗಕ್ಕೆ ಬಂತು. ಬಾಟಲಿಗೆ ಬಿಸಿ ತಾಗಿಸಬಾರದು, ಗೀರು ಬಿದ್ದಿದ್ದು ಬಳಸಬಾರದು, ನೀರಿನ ತೆಳು ಬಾಟಲಿ ಬೇಡವೇ ಬೇಡ, ಸೋಡಾ ಕೂಲ್‌ಡ್ರಿಂಕ್ಸಿಂದೇ ಆಗಬೇಕು, ಅದು ಒತ್ತಡಕ್ಕೇ ಅಂತ ಮಾಡಿರೋದು. ಪಂಪಿಗೆ 5 ಮೀಟರ್ ಪೈಪ್ ಹಾಕಿ, ದೊಡ್ಡೋರು ಒಬ್ರು ಜೊತೆಗಿರಲಿ. ಹಾರಲಿಲ್ಲ ಅಂತ ಹತ್ರ ಹೋಗಿ ಬಗ್ಗಿ ನೋಡ್ಬೇಡಿ. ಇದಿಷ್ಟು ಕೇಳಿ ಉಳಿದಿದ್ದು ಮರೆತ್ರೂ ನಂಗೆ ಬೇಜಾರಿಲ್ಲ.

ಹೇಳ್ಬೇಕಂದ್ರೆ ಈ ಪಾಠ ನಮ್ಮೂರ ಕಡೆ ಹಳೇದು. 2018ರಲ್ಲಿ ನಮ್ಮ ತಾಲ್ಲೂಕಿನ ನಗರದ ಕೋಟೆಯ ಒಂದು ಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ಹಳೇ ರಾಕೆಟ್ ಸಿಕ್ಕಿದ್ವು, ಟಿಪ್ಪು ಕಾಲದ್ದು. ಆ ಮೈಸೂರು ರಾಕೆಟ್ಟುಗಳ ವಿಶೇಷ ಏನು ಗೊತ್ತಾ? ಕಬ್ಬಿಣದ ಕೊಳವೆ. ಕೊಳವೆ ಗಟ್ಟಿ ಇದ್ರೆ ಒಳಗೆ ಒತ್ತಡ ಜಾಸ್ತಿ ತಡೆಯುತ್ತೆ, ರಾಕೆಟ್ ಜಾಸ್ತಿ ದೂರ ಹೋಗುತ್ತೆ. ಬ್ರಿಟಿಷರು ಅದನ್ನೇ ನೋಡಿ ತಮ್ಮ ಕಾಂಗ್ರೀವ್ ರಾಕೆಟ್ ಮಾಡ್ಕೊಂಡ್ರು.

ಸರಿ, ಪ್ರದರ್ಶನದ ದಿನ. ಒಂದು ಮಾದರಿಗೆ ಇಬ್ರೇ ಅಂದ್ರು. ಚೆನ್ನಾಗಿ ಮಾತಾಡ್ತೀನಿ ಅಂತ ನಾನು, ಚಾರ್ಟ್ ಚೆನ್ನಾಗಿ ಬರೀತಾನೆ ಅಂತ ಕ್ಲಾಸ್ ಫಸ್ಟ್ ಹುಡುಗ. ಗೆಳೆಯನಿಗೆ ನಾಲ್ಕು ಜನರ ಮುಂದೆ ನಾಲಿಗೆ ಏಳ್ತಿರ್ಲಿಲ್ಲ, ಅವನನ್ನ ಬಿಟ್ರು. ನಾನು ಒಂದು ಮಾತು ಹೇಳ್ಬಹುದಿತ್ತು. ಹೇಳ್ಲಿಲ್ಲ.

ಅಲ್ಲಿ ರಾಕೆಟ್ ಹಾರಲೇ ಇಲ್ಲ. ಹೊಡೆದ ಗಾಳಿ ಬಂದ ದಾರೀಲೇ ವಾಪಸ್ 'ಸುಯ್' ಅಂತ ಹೋಗ್ತಿತ್ತು. ನಂಗೆ ಏನು ಮಾಡೋದು ಗೊತ್ತಾಗ್ಲಿಲ್ಲ. ಆದ್ರೆ ಬಾಯಿ ಇತ್ತಲ್ಲ, ನ್ಯೂಟನ್ ಬಗ್ಗೆ ಐದು ನಿಮಿಷ ಹೇಳಿದೆ. ತೀರ್ಪುಗಾರರು ಬಿರಡೆ ಕೈಗೆ ತಗೊಂಡು ತಿರುಗಿಸಿ ನೋಡಿ, "ಇದನ್ನ ಯಾರಪ್ಪಾ ಮಾಡಿದ್ದು?" ಅಂದ್ರು. "ನಾವೇ ಸಾರ್" ಅಂದೆ. ಎರಡನೇ ಬಹುಮಾನ ಬಂತು, ಒಂದು ಸ್ಟೀಲ್ ಡಬ್ಬಿ. ಅಮ್ಮ ಅದರಲ್ಲಿ ಇವತ್ತಿಗೂ ಸಾಸಿವೆ ಹಾಕಿಡ್ತಾಳೆ. ಅವನು ಒಂದು ಮಾತೂ ಕೇಳ್ಲಿಲ್ಲ. ಹತ್ತನೇ ಕ್ಲಾಸಲ್ಲಿ ಬೇರೆ ಬೆಂಚಿಗೆ ಹೋಗಿ ಕೂತ.

ಈ ಎಪಿಸೋಡಿಗೋಸ್ಕರ ಅವನಿಗೆ ಫೋನ್ ಮಾಡಿದೆ. ಈಗ ಬೈಕ್ ಗ್ಯಾರೇಜ್ ಇಟ್ಟಿದಾನೆ. 'ನಾವೇ' ಅಂದಿದ್ದನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಗೊತ್ತಿತ್ತು ಬಿಡು, ಚಾರ್ಟ್ ಹುಡುಗ ಅವತ್ತೇ ಹೇಳಿದ್ದ" ಅಂದ. ನಂಗೆ ಏನು ಮಾತಾಡೋದು ತಿಳೀಲಿಲ್ಲ. ಆಮೇಲೆ ಅವನೇ ಕೇಳಿದ: "ಅವತ್ತು ಗಾಳಿ ವಾಪಸ್ ಬರ್ತಿತ್ತಾ? ಹಂಗಿದ್ರೆ ವಾಲ್ ಟ್ಯೂಬ್ ಹೋಗಿತ್ತು. ಒಂದು ರೂಪಾಯಿ ಸಾಮಾನು ಮಾರಾಯಾ, ಜೇಬಲ್ಲೇ ಇತ್ತು ನಂಗೆ." ಸೈಕಲ್ ವಾಲ್ವ್ ಒಳಗೆ ಇರೋ ಸಣ್ಣ ರಬ್ಬರ್ ಕೊಳವೆ ಅದು. ಹೆಸರು ಹಾಕ್ಲಾ ಅಂದ್ರೆ ಬೇಡ ಅಂದ.

ಹೋದ ಭಾನುವಾರ ಊರಿಗೆ ಹೋಗಿದ್ದೆ. ಈಗ ಅವನ ಬಿರಡೆಯಲ್ಲಿ ಇರೋದು ಬೈಕಿನ ವಾಲ್ವ್, ಪಂಪಿಗೆ ಮೀಟರ್ ಇದೆ, 50 ಪಿಎಸ್‌ಐ ದಾಟಿಸೋಕೆ ಬಿಡಲ್ಲ. ನಾನು 30 ಮೀಟರ್ ದೂರ ನಿಂತು, ಕೋನಮಾಪಕಕ್ಕೆ ದಾರ ಕಟ್ಕೊಂಡು ನೋಡಿದೆ. ಕೋನ 45 ಡಿಗ್ರಿ ಬಂದ್ರೆ ನಾವು ನಿಂತಿರೋ ದೂರ ಎಷ್ಟೋ ಎತ್ತರನೂ ಅಷ್ಟೇ, ಅದಕ್ಕೆ ನಮ್ಮ ಕಣ್ಣಿನ ಎತ್ತರ ಸೇರಿಸಿದ್ರಾಯ್ತು. ಮೂರನೇ ಸಲ ಹೆಚ್ಚುಕಮ್ಮಿ 45 ಬಂತು. ನಾಲ್ಕನೇದು ಗಾಳಿಗೆ ವಾಲಿ ಯಾರದೋ ಅಡಿಕೆ ಮರದ ಕೊನೆಗೆ ಸಿಕ್ಕಿಕೊಂಡಿದೆ. ಕೊನೆ ಇಳಿಸೋರು ಬಂದಾಗ ತೆಗೆಸ್ತೀನಿ ಅಂದಿದಾರೆ ತೋಟದವರು.