ಗುರುವಿನ ಕಿವಿ, ಶಿಷ್ಯನ ಅಂಕಿತ

ಖಮಾಚ್ ರಾಗದ ‘ಬ್ರೋಚೇವಾರೆವರುರಾ’ ತ್ಯಾಗರಾಜರ ಕೃತಿಯೆಂದೇ ನಾನು ಬಹುಕಾಲ ನಂಬಿದ್ದೆ. ತೆಲುಗು ಸಾಹಿತ್ಯ, ರಾಮನಿಗಿಟ್ಟ ಮೊರೆ; ಬೇರೆ ಯಾರದಿದ್ದೀತು? ಚರಣದಲ್ಲಿ ‘ವಾಸುದೇವ’ ಎಂಬ ಅಂಕಿತ ಬರುವುದನ್ನು ನನ್ನ ಕಿವಿ ಗಮನಿಸಿರಲಿಲ್ಲ. ಅದು ಮೈಸೂರು ವಾಸುದೇವಾಚಾರ್ಯರ (1865–1961) ರಚನೆ.

ನನ್ನ ಈ ತಪ್ಪಿಗೆ ಅಜ್ಞಾನವೇ ಕಾರಣವಾದರೂ ಅದಕ್ಕೊಂದು ಆಧಾರವೂ ಇತ್ತೆಂದು ಈಗ ತೋರುತ್ತದೆ. ಚಾಮರಾಜೇಂದ್ರ ಒಡೆಯರ ನೆರವಿನಿಂದ ಆಚಾರ್ಯರು ತಿರುವಯ್ಯಾರಿಗೆ ಹೋಗಿ ಪಟ್ಟಣಂ ಸುಬ್ರಹ್ಮಣ್ಯ ಅಯ್ಯರ್ ಅವರಲ್ಲಿ ಗುರುಕುಲವಾಸ ಮಾಡಿದರು. ಅಯ್ಯರ್ ಅವರ ಗುರು ಮಾನಂಬುಚಾವಡಿ ವೆಂಕಟಸುಬ್ಬಯ್ಯನವರು. ಅವರು ತ್ಯಾಗರಾಜರ ನೇರ ಶಿಷ್ಯರು. ತಮ್ಮ ನೆನಪುಗಳನ್ನು ಸೊಗಸಾದ ಕನ್ನಡದಲ್ಲಿ ಬರೆದ ಆಚಾರ್ಯರು ಕೃತಿಗಳನ್ನು ಮಾತ್ರ ಹೆಚ್ಚಾಗಿ ತೆಲುಗು, ಸಂಸ್ಕೃತಗಳಲ್ಲಿ ರಚಿಸಿದರು. ತೆಲುಗು ಗುರುಮನೆಯಿಂದ ಬಂದದ್ದು. ಸಂಸ್ಕೃತ ಮೈಸೂರಿನ ಪಾಠಶಾಲೆಯಲ್ಲಿ ಅವರು ತಾವೇ ಗಳಿಸಿದ್ದು.

ಪಟ್ಟಣಂ ಅವರು ವರ್ಣಗಳ ರಚನೆಯಲ್ಲಿ ನಿಸ್ಸೀಮರು. ಕದನಕುತೂಹಲವೆಂಬ ರಾಗವನ್ನು ಕಲ್ಪಿಸಿ, ‘ರಘುವಂಶ ಸುಧಾಂಬುಧಿ’ಗೆ ಅವರು ಹೊಂದಿಸಿದ ಚಿಟ್ಟೆಸ್ವರ ಕುಣಿಯುತ್ತ ಸಾಗುತ್ತದೆ. ಖಮಾಚ್ ಕೃತಿಯ ಚಿಟ್ಟೆಸ್ವರವನ್ನು ಅದರ ಪಕ್ಕದಲ್ಲಿಟ್ಟು ಕೇಳಿ. ರಾಗ ಬೇರೆ, ನಡೆ ಬೇರೆ. ಆದರೆ ಸ್ವರಗುಚ್ಛವೊಂದು ಎಲ್ಲಿ ತಿರುಗಬೇಕು, ಎಲ್ಲಿ ನಿಂತು ಪಲ್ಲವಿಗೆ ಮರಳಬೇಕು ಎಂಬ ವಿವೇಕ ಒಂದೇ ಮನೆಯದು. ಗುರು ಕೊಟ್ಟದ್ದು ಧಾಟಿಯನ್ನಲ್ಲ, ಕಿವಿಯನ್ನು ಎನ್ನುವುದು ನನ್ನ ಅಭಿಪ್ರಾಯ. ಅದೇ ಮನೆಯಲ್ಲಿ ಕಲಿತ ರಾಮನಾಡು ಶ್ರೀನಿವಾಸ ಅಯ್ಯಂಗಾರ್ಯರ ಮೋಹನ ವರ್ಣವನ್ನು ಇಂದಿಗೂ ಸಂಗೀತ ಕಲಿಯಹೊರಟ ಮಕ್ಕಳೆಲ್ಲ ಹಾಡುತ್ತಾರೆ. ಗುರುವಿನ ಅಂಕಿತ ‘ವೆಂಕಟೇಶ’, ಈ ಶಿಷ್ಯರದು ‘ಶ್ರೀನಿವಾಸ’, ನಮ್ಮ ಆಚಾರ್ಯರದು ‘ವಾಸುದೇವ’. ಪಾಠ ಒಂದೇ ಆದರೂ ಸಹಿ ಅವರವರದು.

ಇದನ್ನು ಹೇಳುವಾಗ ನನಗೆ ಸ್ವಲ್ಪ ಸಂಕೋಚವಾಗುತ್ತದೆ. ನಾನೂ ಮೂರು ದಶಕ ಮೇಷ್ಟರಾಗಿದ್ದವನು, ಸಂಗೀತಕ್ಕಲ್ಲ, ಕನ್ನಡಕ್ಕೆ. ಒಮ್ಮೆ ಎಂ.ಎ. ವಿದ್ಯಾರ್ಥಿಯೊಬ್ಬ ಕವಿತೆ ತಂದ. ಕೆಂಪು ಶಾಯಿ ಕೈಯಲ್ಲಿದ್ದರೆ ಅಧ್ಯಾಪಕನಿಗೆ ಹಿಡಿತವಿರುವುದಿಲ್ಲ. ನಾಲ್ಕು ಸಾಲು ಹೊಡೆದುಹಾಕಿ ನನ್ನ ಲಯಕ್ಕೆ ತಿದ್ದಿ ಕೊಟ್ಟೆ. ಅದು ಕಾಲೇಜಿನ ಸಂಚಿಕೆಯಲ್ಲಿ ಅಚ್ಚಾಯಿತು, ಎಲ್ಲರೂ ಮೆಚ್ಚಿದರು. “ಸಾರ್, ಇದರಲ್ಲಿ ನನ್ನ ಹೆಸರಷ್ಟೇ ಉಳಿದಿದೆ” ಎಂದು ಅವನು ಮೆಲ್ಲಗೆ ಹೇಳಿದ. ಅದನ್ನು ವಿನಯವೆಂದೇ ತಿಳಿದು ನಾನು ಬೆನ್ನು ತಟ್ಟಿದೆ. ಮತ್ತೆಂದೂ ಅವನು ನನಗೆ ಕವಿತೆ ತೋರಿಸಲಿಲ್ಲ.

ವರ್ಷಗಳ ಮೇಲೆ ಅವನ ಸಂಕಲನವೊಂದು ಅಂಚೆಯಲ್ಲಿ ಬಂತು. ಆ ಕವಿತೆಯೂ ಅದರಲ್ಲಿತ್ತು, ನಾನು ಹೊಡೆದುಹಾಕಿದ್ದ ನಾಲ್ಕೂ ಸಾಲುಗಳ ಸಮೇತ. ಗಟ್ಟಿಯಾಗಿ ಓದಿಕೊಂಡೆ. ಮೂರನೆಯ ಸಾಲು ನನ್ನ ಕಿವಿಗೆ ಈಗಲೂ ಎಡವುತ್ತದೆ. ಉಳಿದ ಮೂರನ್ನು ಏಕೆ ಹೊಡೆದೆನೋ ತಿಳಿಯದು.